ವಾರಂಟಿ ಬೇಕೆ, ಹುಂಡಿ ಸಾಕೆ?

ನಮ್ಮ ಮನೆಗೆ ಕಾರು ಬರುವ ಮೊದಲೇ ಕಾರಿನ ಕಾಗದ ಬಂತು. ಬೆಂಗಳೂರಿನಲ್ಲಿರುವ ಮಗ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ. ಒಟ್ಟು ಹನ್ನೊಂದು ಪುಟ. ಕೆಳಗೆ ಅವನದೇ ಎರಡು ಸಾಲು: "ಅಪ್ಪಾ, ಇದು ಎಕ್ಸ್‌ಟೆಂಡೆಡ್ ವಾರಂಟಿ. ತಗೊಂಡರೆ ಎರಡು ವರ್ಷ ನಿಶ್ಚಿಂತೆ. ನಾಳೆ ಸಂಜೆಯೊಳಗೆ ಹೇಳಬೇಕಂತೆ."

ಪಾಂಡವಪುರದ ಸುತ್ತಮುತ್ತ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟ್ರು ನಾನು. ಮೊದಲು ಸೈಕಲ್ಲು, ಆಮೇಲೆ ಸ್ಕೂಟರು. ಅದಕ್ಕಿಂತ ಹೆಚ್ಚು ಬೇಕೆಂದು ಅನ್ನಿಸಿರಲಿಲ್ಲ. ಕಾರು ಬೇಕಾದದ್ದು ನನ್ನಾಕೆಯ ಕಣ್ಣಿಗೋಸ್ಕರ. ಅವಳಿಗೆ ಸಕ್ಕರೆ ಕಾಯಿಲೆ ಹಳೆಯದು. ಅದು ಈಗ ಕಣ್ಣಿನ ಹಿಂಪರದೆಗೂ ತಗುಲಿದೆ. ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಕಣ್ಣಿಗೆ ಇಂಜೆಕ್ಷನ್ ಹಾಕಿಸಬೇಕು. "ನಂಗೆ ಬಸ್ಸು ಫ್ರೀ ಅಲ್ವಾ, ಕಾರ್ ಯಾಕೆ?" ಎಂದು ಅವಳ ವಾದ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ಟಿಲ್ಲ, ನಿಜ. ಆದರೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ, ನೂಕುನುಗ್ಗಲಿನಲ್ಲಿ ಕಂಬಿ ಹಿಡಿದು ನಿಂತು ಬರುವುದನ್ನು ಎರಡು ಸಲ ನೋಡಿದ ಮಗ ಮೂರನೆಯ ಸಲಕ್ಕೆ ಒಪ್ಪಲಿಲ್ಲ.

ಮೈಸೂರಿನ ಒಂದು ಅಂಗಡಿಯಲ್ಲಿ 2019ರ ಪುಟ್ಟ ಪೆಟ್ರೋಲ್ ಕಾರು ಸಿಕ್ಕಿತು. 38 ಸಾವಿರ ಕಿಲೋಮೀಟರ್ ಓಡಿತ್ತು. ಬೆಲೆಯಲ್ಲಿ ಅರ್ಧ ಮಗನದು, ಅರ್ಧ ನನ್ನ ನಿವೃತ್ತಿ ಠೇವಣಿಯದು. ಮೊದಲ ಆರು ತಿಂಗಳ ವಾರಂಟಿ ಆ ಬೆಲೆಯಲ್ಲೇ ಸೇರಿತ್ತು. ಅದಾದ ಮೇಲೆ ಇನ್ನೆರಡು ವರ್ಷಕ್ಕೆ ಬೇಕೆಂದರೆ 14,000 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 2,520. ಒಟ್ಟು 16,520. ಕೊಡುವುದೋ ಬಿಡುವುದೋ ಎಂಬುದೇ ಪ್ರಶ್ನೆ.

'ನಾಳೆ ಸಂಜೆಯೊಳಗೆ' ಎಂಬ ಮಾತು ನನಗೆ ಹಿಡಿಸಲಿಲ್ಲ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರೆ ಬಟ್ಟೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ನಾನೇ ಅಂಗಡಿಗೆ ಫೋನ್ ಮಾಡಿ, "ಒಂದು ವಾರ ಬೇಕಪ್ಪ, ಓದಬೇಕು" ಎಂದೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಸಾರ್" ಎಂದ. ನಾಳೆ ಸಂಜೆ ಎಂಬುದು ಅಷ್ಟು ಸುಲಭವಾಗಿ ಮುಂದಿನ ವಾರವಾಯಿತು!

ಓದುವ ಕೆಲಸಕ್ಕೆ ಮೊಮ್ಮಗಳು ಸಿಕ್ಕಳು. ಎಂಟನೇ ತರಗತಿ. ನನ್ನ ಕನ್ನಡಕಕ್ಕೂ ಸಿಗದ ಸಣ್ಣ ಅಕ್ಷರ ಅವಳ ಕಣ್ಣಿಗೆ ಸಿಗುತ್ತದೆ. ಹನ್ನೊಂದು ಪುಟವನ್ನೂ ಪ್ರಿಂಟ್ ತೆಗೆಸಿ ಅವಳ ಕೈಗೆ ಎರಡು ಪೆನ್ನು ಕೊಟ್ಟೆ. ಅವರು ಕೊಡುತ್ತೇವೆ ಎಂದದ್ದಕ್ಕೆ ನೀಲಿ ಗೆರೆ, ಕೊಡುವುದಿಲ್ಲ ಎಂದದ್ದಕ್ಕೆ ಕೆಂಪು ಗೆರೆ.

ಮಕ್ಕಳೇ, ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ವಾರಂಟಿ ಬೇರೆ, ವಿಮೆ ಬೇರೆ. ಕಾರು ಯಾರಿಗೋ ಗುದ್ದಿದರೆ, ಕಳುವಾದರೆ, ಅದು ವಿಮೆಯ ಮಾತು. ಯಾರೂ ಮುಟ್ಟದೆ ಒಳಗಿನ ಯಂತ್ರ ತಾನಾಗಿ ಕೆಟ್ಟರೆ ಅದು ವಾರಂಟಿಯ ಮಾತು. ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿದೆ. ಅದಿಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ಹೆಚ್ಚುವರಿ ವಾರಂಟಿ ನಮ್ಮ ಇಷ್ಟ. ಹೊಸ ಕಾರಿಗೆ ಕಂಪನಿಯೇ ಒಂದಷ್ಟು ಕಾಲದ ವಾರಂಟಿ ಕೊಡುತ್ತದೆ. ಮಾರುತಿ ಸುಜುಕಿ 2024ರ ಜುಲೈನಲ್ಲಿ ಅದನ್ನು 2 ವರ್ಷ ಅಥವಾ 40 ಸಾವಿರ ಕಿ.ಮೀ.ನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ವರ್ಷ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ನಮ್ಮ 2019ರ ಕಾರಿಗೆ ಅದೆಲ್ಲ ಎಂದೋ ಮುಗಿದಿತ್ತು.

ಮೊಮ್ಮಗಳ ನೀಲಿ ಗೆರೆ ಬಿದ್ದದ್ದು ಇಂಜಿನ್ನಿನ ಒಳಭಾಗ, ಗೇರ್‌ಬಾಕ್ಸ್, ಡೈನಮೋ, ಸ್ಟಾರ್ಟರ್, ಸ್ಟೀರಿಂಗ್ ಇಂಥವುಗಳ ಮೇಲೆ. ದೊಡ್ಡ ದೊಡ್ಡ ಸಾಮಾನೇ, ಸುಳ್ಳಲ್ಲ. ಕೆಂಪು ಗೆರೆಗಳು ಮಾತ್ರ ಒಂದೂವರೆ ಪುಟ ತುಂಬಿದವು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಬೆಲ್ಟು, ಬಲ್ಬು, ಕೆಳಗಿನ ರಬ್ಬರ್ ಬುಷ್ಷುಗಳು, ಆಯಿಲ್ಲು, ಫಿಲ್ಟರು. ಸವೆಯುವಂಥದ್ದು ಯಾವುದೂ ಇಲ್ಲ. ನೀರು ನುಗ್ಗಿ ಕೆಟ್ಟರೆ ಇಲ್ಲ. ಇಲಿ ವೈರು ಕಡಿದರೆ ಇಲ್ಲ.

ಇಲಿ ಎಂದ ಕೂಡಲೇ ನನ್ನಾಕೆ ನಕ್ಕಳು. ಕಬ್ಬಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯಲ್ಲಿ ಕಬ್ಬು ಕಟಾವಾದರೆ ಅಲ್ಲಿದ್ದ ಇಲಿಗಳೆಲ್ಲ ಊರ ಕಡೆ ಗುಳೆ ಹೊರಡುತ್ತವೆ. ಬೆಚ್ಚಗಿರುವ ಕಾರಿನ ಬಾನೆಟ್ಟು ಅವಕ್ಕೆ ಛತ್ರವಿದ್ದ ಹಾಗೆ. ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡಿ, ಮಿಕ್ಕ ದಿನ ಅಂಗಳದಲ್ಲಿ ನಿಲ್ಲುವ ನಮ್ಮಂಥವರ ಕಾರಿನಲ್ಲಿ ಮೊದಲು ಕೈಕೊಡುವುದು ಬ್ಯಾಟರಿ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಹಳ್ಳಬಿದ್ದ ನಾಲೆ ಏರಿಯ ರಸ್ತೆಯಲ್ಲಿ ಮೊದಲು ಹೋಗುವುದು ರಬ್ಬರ್ ಬುಷ್ಷು. ನಮ್ಮಲ್ಲಿ ಏನೇನು ಕೆಡುತ್ತದೆಯೋ ಅದೆಲ್ಲ ಕೆಂಪು ಪಟ್ಟಿಯಲ್ಲೇ ಇತ್ತು.

ಷರತ್ತುಗಳೂ ಇದ್ದವು. ಸರ್ವಿಸ್ಸನ್ನು ಹೇಳಿದ ದಿನಕ್ಕೆ, ಹೇಳಿದ ವರ್ಕ್‌ಶಾಪಿನಲ್ಲೇ ಮಾಡಿಸಿ ಬಿಲ್ಲುಗಳನ್ನು ಇಟ್ಟುಕೊಂಡಿರಬೇಕು. ಆ ವರ್ಕ್‌ಶಾಪ್ ಮೈಸೂರಿನಲ್ಲಿ. ಹೊರಗೆ ಗ್ಯಾಸ್ ಕಿಟ್ ಕೂರಿಸಿದರೆ, ಬೇರೆ ಹಾರನ್ನು ಹಾಕಲು ವೈರು ಕತ್ತರಿಸಿದರೆ, ಮೀಟರಿನಲ್ಲಿ ಕೆಂಪು ದೀಪ ಹತ್ತಿದ ಮೇಲೂ ಓಡಿಸಿದರೆ ಹಣ ಸಿಗದು. ಕೇಳಿದರೆ ಎಲ್ಲವೂ ನ್ಯಾಯವಾದ ಮಾತೇ. ಆದರೆ ಅದೆಲ್ಲವನ್ನೂ ಎರಡು ವರ್ಷ ತಪ್ಪದೆ ಪಾಲಿಸುವವರಿಗೆ ಮಾತ್ರ ಈ ಕಾಗದದಿಂದ ಪ್ರಯೋಜನ.

ಇಷ್ಟನ್ನೂ ಕೇಳಿಸಿಕೊಂಡ ನನ್ನಾಕೆ ಒಂದೇ ಒಂದು ಪ್ರಶ್ನೆ ಕೇಳಿದಳು: "ಅಲ್ಲಾ, ಈ ಕಾಗ್ದ ತಕ್ಕಂಡ್ರೆ ಕಾರು ದಾರೀಲಿ ಕೆಟ್ಟು ನಿಂತ್ಕಳಾಕಿಲ್ವಾ?"

ಹನ್ನೊಂದು ಪುಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ವಾರಂಟಿ ಕಾರನ್ನು ಕೆಡದಂತೆ ಕಾಯುವುದಿಲ್ಲ. ಕೆಟ್ಟ ಮೇಲೆ ಕೆಲವು ಬಿಡಿಭಾಗಗಳ ಹಣ ಕೊಡುತ್ತದೆ, ಅಷ್ಟೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರುವಾಗ ಕತ್ತಲೆಯಲ್ಲಿ ಗಾಡಿ ನಿಂತರೆ ಏನು ಗತಿ ಎಂಬುದು ಅವಳ ಭಯ. ಬಿಲ್ಲು ಬಂದರೆ ಏನು ಗತಿ ಎಂಬುದು ನನ್ನ ಚಿಂತೆ. ಎರಡನ್ನೂ ಕಲಸಿ ಒಂದೇ ಮಾತ್ರೆ ಕೊಡಲು ಅಂಗಡಿಯವರು ಹೊರಟಿದ್ದರು. ಭಯಕ್ಕೆ ಮದ್ದು ಬೇರೆ, ಖರ್ಚಿಗೆ ಮದ್ದು ಬೇರೆ ಎಂಬುದು ನನಗೆ ಹೊಳೆದದ್ದು ಅವಳ ಆ ಪ್ರಶ್ನೆಯಿಂದ.

ನನ್ನ ಅಪ್ಪ ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಶಿವರಾತ್ರಿಯ ಆಸುಪಾಸು ನಮ್ಮ ತಾಲ್ಲೂಕಿನಲ್ಲೇ ನಡೆಯುವ ಜಾತ್ರೆ ಅದು. ಅಪ್ಪ ಮೊದಲು ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಿದ್ದ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ವಯಸ್ಸು ಲೆಕ್ಕ ಹಾಕುತ್ತಿದ್ದ. ಆಮೇಲೆ ಸುಳಿ, ಗೊರಸು. ಆಮೇಲೆ ನಡೆಸಿ ನೋಡುವುದು, ನೊಗ ಹೂಡಿ ನೋಡುವುದು. ಎಲ್ಲ ಮುಗಿದ ಮೇಲಷ್ಟೇ ಟವೆಲ್ಲಿನ ಅಡಿ ದಲ್ಲಾಳಿಯ ಬೆರಳು ಹಿಡಿದು ರೇಟು. "ಎತ್ತಿಗೆ ನಾನು ಗ್ಯಾರಂಟಿ ಗೌಡ್ರೇ" ಎಂದು ಮಾರುವವನು ಎದೆ ಮುಟ್ಟಿ ಹೇಳಿದರೆ ಅಪ್ಪ ನಗುತ್ತಿದ್ದ. ನನಗೆ ಹೇಳುತ್ತಿದ್ದುದು ಇಷ್ಟೇ: "ಕೊಂಡ್ ಮ್ಯಾಲೆ ಕಣ್ಣೀರ್ ಆಕೋದ್ಕಿಂತ ಕೊಳ್ಳಾಕ್ ಮುಂಚೆ ಕಣ್ ಬುಟ್ ನೋಡು ಮೊಗ."

ಆ ವಾರದ ಭಾನುವಾರ ನಮ್ಮ ಪೇಟೆಯ ಮೆಕ್ಯಾನಿಕ್ಕನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಅವನ ದಿನದ ಕೂಲಿ ಕೊಡುವ ಮಾತಾಗಿತ್ತು. ಇಂಜಿನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿದ, ಹೊಗೆಯ ಬಣ್ಣ ನೋಡಿದ, ಆಯಿಲ್ ಮುಚ್ಚಳ ತೆಗೆದು ಮೂಸಿದ. ಮೊಮ್ಮಗಳಿಗೆ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ತೋರಿಸಿದ. '2319' ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು ಎಂದರ್ಥ. "ಓ, ಇದು ಕಾರಿನ ಹಲ್ಲು!" ಎಂದಳು ಅವಳು. ಮಕ್ಕಳೇ, ನೀವೂ ನಿಮ್ಮ ಮನೆಯ ಗಾಡಿಯ ಟೈರಿನಲ್ಲಿ ಹುಡುಕಿ ನೋಡಿ.

ಹಿಂದಿನ ಮಾಲೀಕರು ಮಾಡಿಸಿದ ಸರ್ವಿಸ್ಸುಗಳ ಪಟ್ಟಿಯನ್ನು ನಂಬರ್ ಹೇಳಿ ಕೇಳಿ ಪಡೆದೆವು. ಪ್ರತಿ ವರ್ಷವೂ ತಪ್ಪದೆ ಆಗಿತ್ತು. ಆರ್‌ಸಿಯಲ್ಲಿ ಸಾಲದ ನಮೂದು ಇಲ್ಲವೆಂಬುದನ್ನೂ ನೋಡಿದೆವು. ಮೆಕ್ಯಾನಿಕ್ ಹತ್ತು ಕಿಲೋಮೀಟರ್ ಓಡಿಸಿ ಬಂದು, "ಇಂಜಿನ್ ಚೆಂದಾಗದೆ ಮೇಷ್ಟ್ರೇ. ಬ್ಯಾಟ್ರಿ ಮುದುಕ ಆಗದೆ. ಕ್ಲಚ್ಚು ಇನ್ನೊಂದೆರಡು ವರ್ಸ ಓಡ್ತದೆ" ಎಂದ. ಅವನು ಅನುಮಾನಪಟ್ಟ ಎರಡೂ ವಾರಂಟಿಯ ಕೆಂಪು ಪಟ್ಟಿಯವು. ವಾರಂಟಿ ಹೊರುವ ಭಾಗಗಳೆಲ್ಲ ಗಟ್ಟಿಯಾಗಿದ್ದವು.

ಇನ್ನು ಲೆಕ್ಕ. ಇಂಜಿನ್ನೋ ಗೇರ್‌ಬಾಕ್ಸೋ ಕೆಟ್ಟು ಒಂದೇ ಏಟಿಗೆ 60,000 ರೂಪಾಯಿ ಖರ್ಚು ಬಂತು ಎಂದಿಟ್ಟುಕೊಳ್ಳಿ. ನಮ್ಮಂಥ ನಾಲ್ಕು ಮನೆಯವರು ತಲಾ 16,520 ಕೊಟ್ಟರೆ ಒಟ್ಟು 66,080. ನಾಲ್ವರಲ್ಲಿ ಒಬ್ಬರ ಕಾರು ಕೆಟ್ಟರೂ 60,000 ಕೊಟ್ಟು ಇನ್ನೂ 6,080 ಉಳಿಯುತ್ತದೆ. ಅಂದರೆ ಇಂಥ ನಾಲ್ಕು ಕಾರುಗಳಲ್ಲಿ ಒಂದಕ್ಕಿಂತ ಹೆಚ್ಚು ಕಾರು ಎರಡೇ ವರ್ಷದಲ್ಲಿ ಅಷ್ಟು ದೊಡ್ಡದಾಗಿ ಕೆಟ್ಟರೆ ಮಾತ್ರ ಕೊಟ್ಟ ಹಣಕ್ಕೆ ಸರಿಹೋದೀತು. ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡುವ, ಸರ್ವಿಸ್ ತಪ್ಪದ ಪೆಟ್ರೋಲ್ ಕಾರು ಹಾಗೆ ಕೆಡುತ್ತದೆ ಎಂದು ನಮ್ಮ ಮೆಕ್ಯಾನಿಕ್ ಒಪ್ಪಲಿಲ್ಲ.

"ಹಾಗಾದ್ರೆ ವಿಮೆನೂ ದಂಡ ಅಲ್ವಾ ತಾತ? ಅಲ್ಲೂ ಇದೇ ಲೆಕ್ಕ ತಾನೆ?" ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆ. ಲೆಕ್ಕ ಒಂದೇ, ಆದರೆ ನಷ್ಟ ಒಂದೇ ಅಲ್ಲ. ನಮ್ಮ ಕಾರು ಯಾರಿಗಾದರೂ ಬಡಿದು ನ್ಯಾಯಾಲಯ ಇಪ್ಪತ್ತು ಲಕ್ಷ ಕೊಡಿ ಎಂದರೆ ಮನೆ ಮಾರಬೇಕಾಗುತ್ತದೆ. ಹೊರಲಾಗದ ಅಂಥ ಹೊರೆಯನ್ನು ನೂರಾರು ಜನ ಹಂಚಿಕೊಳ್ಳಲೇಬೇಕು. ಅದಕ್ಕೇ ವಿಮೆ. ಡೈನಮೋ ಕೆಟ್ಟರೆ ಆ ತಿಂಗಳು ಕೈ ಬಿಗಿಯಾಗುತ್ತದೆ, ಮನೆ ಮುಳುಗುವುದಿಲ್ಲ. ಹೊರಬಹುದಾದದ್ದನ್ನು ನಾವೇ ಹೊರುವುದು ಅಗ್ಗ.

ಇದೇ ಲೆಕ್ಕ ನಾಗಮಂಗಲದ ನನ್ನ ಸೋದರಳಿಯನಿಗೆ ಬೇರೆ ಉತ್ತರ ಕೊಟ್ಟಿತು. ಅವನದು ಗೇರ್ ತಾನೇ ಬದಲಾಗುವ ದೊಡ್ಡ ಡೀಸೆಲ್ ಗಾಡಿ. ಕೆಲಸಕ್ಕೆ ದಿನಾ ದೂರ ಓಡಬೇಕು. ಸಾಲ ಮಾಡಿ ಕೊಂಡದ್ದು. ಕೈಯಲ್ಲಿ ಉಳಿತಾಯವಿಲ್ಲ. ಗೇರ್‌ಬಾಕ್ಸ್ ಒಂದು ಕೆಟ್ಟರೆ ಕಂತೂ ನಿಂತು ಕೆಲಸವೂ ನಿಲ್ಲುತ್ತದೆ. ವರ್ಕ್‌ಶಾಪ್ ಅವನು ಹೋಗುವ ದಾರಿಯಲ್ಲೇ ಇದೆ. "ನೀನು ತಗೋ ಕಣಪ್ಪ" ಎಂದೆ. ತೆಗೆದುಕೊಂಡ. ಅವನಿಗೆ ಅದೇ ಸರಿ.

ಉಳಿದದ್ದು ಮಗ. ಫೋನಿನಲ್ಲಿ ಎಲ್ಲ ಲೆಕ್ಕ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ದುಡ್ಡಿನ ಮಾತಲ್ಲಪ್ಪ. ಅಮ್ಮನ್ನ ಕೂರಿಸ್ಕೊಂಡು ಬರ್ತಾ ಎಲ್ಲೋ ನಿಂತುಬಿಟ್ರೆ ನಾನು ಇಲ್ಲಿಂದ ಏನ್ ಮಾಡ್ಲಿ?" ಎಂದ. ಆ ಹದಿನಾರು ಸಾವಿರ ಏತಕ್ಕೆಂದು ಆಗ ನನಗೆ ಪೂರ್ತಿ ಅರ್ಥವಾಯಿತು. ದೂರದಲ್ಲಿರುವ ಮಗ ತಾನು ಪಕ್ಕದಲ್ಲಿಲ್ಲದ ಕೊರತೆಯನ್ನು ಒಂದು ಕಾಗದದಿಂದ ತುಂಬಲು ನೋಡುತ್ತಿದ್ದ. ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪ ಅಮ್ಮನಿಗೆ ಕೊಡಿಸುವ ಎಷ್ಟೋ ಸಾಮಾನುಗಳ ಹಿಂದೆ ಇದೇ ಕಾರಣ ಇರುತ್ತದೆ. ಅದನ್ನು ದುಂದು ಎಂದು ತಳ್ಳಿಹಾಕಬಾರದು. ಅದಕ್ಕೆ ಸರಿಯಾದ ದಾರಿ ಹುಡುಕಬೇಕು.

ಹುಡುಕಿದೆವು. ಕಾರಿನ ವಿಮೆಯ ಜೊತೆಯಲ್ಲೇ ರಸ್ತೆ ನೆರವಿನ ಸೌಲಭ್ಯವನ್ನು ಕೆಲವೇ ನೂರು ರೂಪಾಯಿಗೆ ಸೇರಿಸಿಕೊಂಡೆವು. ಗಾಡಿ ನಿಂತರೆ ಅವರು ಬಂದು ಎಳೆದೊಯ್ಯುತ್ತಾರೆ. ವಿಮೆ ನಮ್ಮ ಹೆಸರಿಗೆ ಬದಲಾಗಲು 14 ದಿನದೊಳಗೆ ಅರ್ಜಿ ಕೊಡಬೇಕು. ಅದನ್ನೂ ಅದೇ ವಾರ ಮುಗಿಸಿದೆವು. ನೆರವಿನ ನಂಬರು, ನಮ್ಮ ಮೆಕ್ಯಾನಿಕ್ಕಿನ ನಂಬರು, ಶ್ರೀರಂಗಪಟ್ಟಣದ ನೆಂಟರ ನಂಬರು ಇಷ್ಟನ್ನೂ ಮೊಮ್ಮಗಳು ದಪ್ಪ ಅಕ್ಷರದಲ್ಲಿ ಬರೆದು ಕಾರಿನಲ್ಲಿ ಅಂಟಿಸಿದಳು. ಆಸ್ಪತ್ರೆಯ ಸಮಯವನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಾಯಿಸಿಕೊಂಡೆವು. ಕತ್ತಲೆಯಲ್ಲಿ ಬರುವುದೇ ತಪ್ಪಿತು. ಹೊರಡುವಾಗ ಒಮ್ಮೆ, ಸೇರಿದಾಗ ಒಮ್ಮೆ ಮಗನಿಗೆ ಫೋನು. ಭಯದ ಮದ್ದು ಇಷ್ಟೇ.

ಖರ್ಚಿಗೆ ಹುಂಡಿ. ವಾರಂಟಿಗೆ ಕೊಡಬೇಕಾಗಿದ್ದ 16,520 ರೂಪಾಯಿಯನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಿ, ಅದಕ್ಕೆ 'ಕಾರಿನ ಹುಂಡಿ' ಎಂದು ಹೆಸರಿಟ್ಟೆವು. ಬೇರೆ ಯಾವುದಕ್ಕೂ ಅದನ್ನು ಮುಟ್ಟುವಂತಿಲ್ಲ, ಹಬ್ಬಕ್ಕೂ ಇಲ್ಲ. "ಹುಂಡಿ ಮೀರಿ ದೊಡ್ಡದೇನಾದ್ರೂ ಬಂದ್ರೆ ಅದು ನನ್ನ ಪಾಲು" ಎಂದ ಮಗ. ನಾಲ್ಕು ಮನೆಯವರು ಕೂಡಿ ಹೊರುವುದನ್ನು ನಾವು ಒಂದೇ ಮನೆಯವರು ಕೂಡಿ ಹೊತ್ತೆವು.

ಈಗ ಹದಿನಾಲ್ಕು ತಿಂಗಳಾಯಿತು. ನಾಲ್ಕನೇ ತಿಂಗಳಲ್ಲಿ ಬ್ಯಾಟರಿ ಹೋಯಿತು, 4,800. ಕಬ್ಬು ಕಟಾವಿನ ಸಮಯದಲ್ಲಿ ಇಲಿ ಬಂತು, ವೈರಿಗೆ 2,300. ಹತ್ತನೇ ತಿಂಗಳಲ್ಲಿ ಡೈನಮೋ ಕೈಕೊಟ್ಟಿತು. ಅದು ನೀಲಿ ಪಟ್ಟಿಯದು, ವಾರಂಟಿ ಇದ್ದಿದ್ದರೆ ಅವರೇ ಕೊಡುತ್ತಿದ್ದರು. ನಮ್ಮ ಪೇಟೆಯ ಎಲೆಕ್ಟ್ರಿಷಿಯನ್ ಬಿಚ್ಚಿ ರಿಪೇರಿ ಮಾಡಿ 3,900 ತೆಗೆದುಕೊಂಡ. ಒಟ್ಟು 11,000. ಹುಂಡಿಯಲ್ಲಿ 5,520 ಉಳಿದಿದೆ. ವಾರಂಟಿ ಕೊಂಡಿದ್ದರೆ 16,520ರ ಜೊತೆ ಬ್ಯಾಟರಿಗೂ ವೈರಿಗೂ 7,100 ಸೇರಿ 23,620 ಖರ್ಚಾಗಿರುತ್ತಿತ್ತು. ಮೊಮ್ಮಗಳು ಇದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ.

ನೀವೂ ಹಳೆ ಕಾರು ಕೊಳ್ಳುವವರಾದರೆ, ಈ ಕೆಲವು ಪ್ರಶ್ನೆ ಕೇಳಿ. ಈಗಾಗಲೇ ಇರುವ ವಾರಂಟಿ ಎಂದು ಮುಗಿಯುತ್ತದೆ, ಹೊಸದು ಎಂದು ಶುರು? ಒಂದು ವರ್ಷಕ್ಕೆ ಹೆಚ್ಚೆಂದರೆ ಎಷ್ಟು ಹಣ ಕೊಡುತ್ತಾರೆ? ವರ್ಕ್‌ಶಾಪ್ ಎಷ್ಟು ದೂರ? ಹಣ ಕೊಡುವುದು ಕಾರು ಕಂಪನಿಯೋ, ಅಂಗಡಿಯೋ, ಬೇರೆ ಯಾರೋ? ಬಾಯಿಮಾತಿನಲ್ಲಿ ಹೇಳಿದ್ದು ಬರಹದಲ್ಲೂ ಇದೆಯೇ? ಬರೆದು ಕೊಟ್ಟೂ ತಪ್ಪಿದರೆ 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಮಂಡ್ಯದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

"ನಾವು ಗೆದ್ವಿ ಅಲ್ವಾ ತಾತ?" ಎಂದು ಮೊಮ್ಮಗಳು ಮೊನ್ನೆ ಕೇಳಿದಳು. ಇನ್ನೂ ಹದಿನಾರು ತಿಂಗಳಿದೆ, ನಾಳೆಯೇ ಗೇರ್‌ಬಾಕ್ಸ್ ಕೈಕೊಟ್ಟರೂ ಕೊಡಬಹುದು ಎಂದೆ. "ಹಾಗಾದ್ರೆ ನಮ್ ಲೆಕ್ಕ ತಪ್ಪು ಅಂತಾನಾ?" ಎಂದಳು. ಅಲ್ಲ. ಆವತ್ತು ನಮಗೆ ತಿಳಿದಿದ್ದನ್ನೆಲ್ಲ ಮುಂದಿಟ್ಟುಕೊಂಡು, ಓದಿ, ಕೇಳಿ, ನೋಡಿ ತೀರ್ಮಾನ ಮಾಡಿದೆವು. ಮುಂದೆ ಏನೇ ಆದರೂ ಅದು ಸರಿಯಾದ ಲೆಕ್ಕವೇ. ಮೂವತ್ತು ವರ್ಷ ಗಣಿತದ ಉತ್ತರ ಪತ್ರಿಕೆ ತಿದ್ದಿದ್ದೇನೆ. ಕೊನೆಯ ಉತ್ತರಕ್ಕೆ ಮಾತ್ರ ಅಂಕ ಕೊಟ್ಟವನಲ್ಲ, ಹಂತಗಳಿಗೂ ಕೊಟ್ಟಿದ್ದೇನೆ.